ಥರ್ಮೋಕೋಲ್ ಜ್ವಾಲಾಮುಖಿ ಬೇಡ ಅಂದರೆ ಏನು ಮಾಡುವುದು? ಮಕ್ಕಳಿಗೆ ವೈಜ್ಞಾನಿಕ ವಿಧಾನ ಹೇಳಿಕೊಡುವ ಬಗೆ

ಕಳೆದ ತಿಂಗಳು ನಮ್ಮ ಕೇರಿಯ ಏಳನೇ ಕ್ಲಾಸಿನ ಮಕ್ಕಳ ಪಾಲಕರ ವಾಟ್ಸಾಪ್ ಗುಂಪಿಗೆ ಶಾಲೆಯಿಂದ ಒಂದು ಸಂದೇಶ ಬಂತು. ವಿಜ್ಞಾನ ವಸ್ತುಪ್ರದರ್ಶನಕ್ಕೆ ಈ ಸಲ ಥರ್ಮೋಕೋಲ್ ಮಾದರಿ ತರಬೇಡಿ. ಮಗು ತಾನೇ ಒಂದು ಪ್ರಶ್ನೆ ಹಾಕಿಕೊಂಡು, ತಾನೇ ಪರೀಕ್ಷೆ ಮಾಡಿ, ಸಿಕ್ಕಿದ್ದನ್ನು ಬರೆದು ತರಬೇಕು. ಕೊನೆಗೆ 'ವೈಜ್ಞಾನಿಕ ವಿಧಾನದಲ್ಲಿ' ಎಂದು ಬೇರೆ ಸೇರಿಸಿದ್ದರು.

ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಕೇಳಿದರು: "ಹಾಗಂದ್ರೆ ಎಂತ ಮಾಡ್ಬೇಕು ಮೇಡಂ?" ಇನ್ನೊಬ್ಬರು: "ಅದರ ಕಿಟ್ ಶಿರಸಿ ಪೇಟೆಯಲ್ಲಿ ಎಲ್ಲಿ ಸಿಗ್ತದೆ?"

ನಗು ಬಂತು. ಆದರೆ ನಗುವ ವಿಷಯವೇನೂ ಅಲ್ಲ. ನಮ್ಮಲ್ಲಿ ಹೆಚ್ಚಿನವರು ವಿಜ್ಞಾನವನ್ನು ಉತ್ತರಗಳ ಪಟ್ಟಿಯಾಗಿಯೇ ಕಲಿತವರು. ಆ ಉತ್ತರಗಳು ಹೇಗೆ ಸಿಕ್ಕವು ಎಂದು ನಮಗೆ ಯಾರೂ ಹೇಳಿರಲಿಲ್ಲ. ಈಗ ಮಕ್ಕಳಿಗೆ ಹೇಳಿಕೊಡಿ ಅಂದರೆ ಗಾಬರಿ ಆಗುವುದು ಸಹಜ. ಹಾಗಾಗಿ ಬುಡದಿಂದಲೇ ಶುರು ಮಾಡೋಣ. ಕಿಟ್ ಬೇಡ. ಅಡುಗೆಮನೆ, ತೋಟ, ಕಡಲು ಸಾಕು.

ತೋರಿಸುವುದು ಬೇರೆ, ಹುಡುಕುವುದು ಬೇರೆ

ಜ್ವಾಲಾಮುಖಿಯ ಮಾದರಿ ಎಲ್ಲರೂ ನೋಡಿದ್ದೇ. ಒಳಗೆ ಅಡುಗೆ ಸೋಡಾ, ಮೇಲಿಂದ ವಿನೆಗರ್, ಸ್ವಲ್ಪ ಕೆಂಪು ಬಣ್ಣ. ಬುಸ್ಸೆಂದು ನೊರೆ ಉಕ್ಕುತ್ತದೆ. ಬಂದವರು ಫೋಟೋ ತೆಗೆದುಕೊಳ್ಳುತ್ತಾರೆ. ಸೋಡಾಕ್ಕೆ ಹುಳಿ ಬಿದ್ದರೆ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ ಎಂಬುದು ಮಗುವಿಗೂ ಗೊತ್ತು, ನೋಡುವವರಿಗೂ ಗೊತ್ತು. ಗೊತ್ತಿದ್ದದ್ದನ್ನು ಚೆಂದವಾಗಿ ತೋರಿಸಿದ್ದಷ್ಟೇ.

ಅದೇ ಸಾಮಾನಿನಲ್ಲಿ ಬೇರೆ ಪ್ರಶ್ನೆ ಕೇಳಬಹುದು. ನಿಂಬೆರಸಕ್ಕೆ ನೊರೆ ಜಾಸ್ತಿಯೋ, ಮುರುಗಲು ಹಣ್ಣಿನ ರಸಕ್ಕೋ, ವಾಟೆಹುಳಿ ನೆನೆಸಿದ ನೀರಿಗೋ? ಈಗ ಮಗುವಿಗೂ ಉತ್ತರ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ತಿಳಿಯಬೇಕಾದರೆ ಮಾಡಿಯೇ ನೋಡಬೇಕು. ಎಷ್ಟು ಸೋಡಾ, ಎಷ್ಟು ರಸ, ನೊರೆಯನ್ನು ಅಳೆಯುವುದು ಹೇಗೆ ಎಂದು ಯೋಚಿಸಬೇಕು. ಇದು ಪ್ರಯೋಗ.

ಆರರಿಂದ ಎಂಟನೇ ಕ್ಲಾಸು ಇದಕ್ಕೆ ಒಳ್ಳೆಯ ವಯಸ್ಸು ಎನ್ನಲು ಕಾರಣವಿದೆ. ಮಕ್ಕಳ ಯೋಚನೆಯ ಬೆಳವಣಿಗೆಯನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜಾನ್ ಪಿಯಾಜೆ, ಸುಮಾರು 11-12ರ ವಯಸ್ಸಿನಲ್ಲಿ 'ಹೀಗಾದರೆ ಹಾಗಾಗಬೇಕು' ಎಂಬ ಲೆಕ್ಕವನ್ನು ಮಕ್ಕಳು ತಲೆಯಲ್ಲೇ ಹಾಕತೊಡಗುತ್ತಾರೆ ಎಂದ. ಎಲ್ಲ ಮಕ್ಕಳೂ ಒಂದೇ ದಿನ ಆ ಹಂತಕ್ಕೆ ಬರುವುದಿಲ್ಲ ಬಿಡಿ. ಆದರೆ ಪ್ರಶ್ನೆ ಕೇಳಲು ಇನ್ನೂ ನಾಚಿಕೆ ಹುಟ್ಟಿರದ, ಪರೀಕ್ಷೆ ಮಾಡಲು ಬುದ್ಧಿ ಬಂದಿರುವ ವಯಸ್ಸು ಇದು. ಹೈಸ್ಕೂಲಿನ ಮಾರ್ಕಿನ ಗಡಿಬಿಡಿಯೂ ಇನ್ನೂ ಅಂಟಿರುವುದಿಲ್ಲ.

ಬೋರ್ಡೋ ಕದಡುವಾಗ ಕತ್ತಿ ಅದ್ದುವುದು ಎಂತಕ್ಕೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಳೆಗಾಲದ ಬಾಗಿಲಲ್ಲಿ ಪ್ರತಿ ಅಡಿಕೆ ತೋಟದಲ್ಲೂ ಒಂದು ಪರೀಕ್ಷೆ ನಡೆಯುತ್ತದೆ. ಕೊಳೆರೋಗ ಬಾರದಿರಲಿ ಎಂದು ಬೋರ್ಡೋ ಎಂಬ ಮಿಶ್ರಣ ಹೊಡೆಯುತ್ತಾರೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಿದ ಮೇಲೆ, ಅನುಭವಸ್ಥರು ಒಂದು ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದರಲ್ಲಿ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ "ಇನ್ನೂ ಸ್ವಲ್ಪ ಸುಣ್ಣ ಹಾಕು" ಎನ್ನುತ್ತಾರೆ.

ಆ ಕೆಂಪು ಎಂದರೆ ತಾಮ್ರ. ಮೈಲುತುತ್ತಿನಲ್ಲಿ ತಾಮ್ರ ಇದೆ. ಸುಣ್ಣ ಕಮ್ಮಿ ಬಿದ್ದರೆ ಸ್ವಲ್ಪ ತಾಮ್ರ ಕರಗಿದ ರೂಪದಲ್ಲೇ ಉಳಿಯುತ್ತದೆ. ಅದು ಕಬ್ಬಿಣ ಕಂಡ ಕೂಡಲೇ ಅಲಗಿನ ಮೇಲೆ ಕೂರುತ್ತದೆ. ಹಾಗೇ ಹೊಡೆದರೆ ಅದು ಗಿಡದ ಎಳೆಯ ಭಾಗವನ್ನು ಸುಟ್ಟೀತು.

ಇಲ್ಲಿ ಗಮನಿಸಬೇಕಾದ್ದು, ಕತ್ತಿ ಅದ್ದಿದ ಅಜ್ಜ "ಸರಿಯಾಗಿರಬೇಕು" ಎಂದು ಸುಮ್ಮನಾಗಲಿಲ್ಲ. ತನ್ನ ಅಳತೆ ತಪ್ಪಿದ್ದರೆ ಅದು ಕಣ್ಣಿಗೆ ಕಾಣುವ ಹಾಗೆ ಒಂದು ಏರ್ಪಾಟು ಮಾಡಿಕೊಂಡ. ವೈಜ್ಞಾನಿಕ ವಿಧಾನದ ತಿರುಳು ಇರುವುದು ಇಲ್ಲೇ ಎಂದು ನನಗೆ ಅನಿಸುತ್ತದೆ. ನಾನು ತಪ್ಪಿದ್ದರೆ ಅದು ನನಗೆ ಹೇಗೆ ಗೊತ್ತಾಗುತ್ತದೆ? ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳುವುದು.

ಬೋರ್ಡೋ ಹುಟ್ಟಿದ ಕಥೆಯನ್ನೂ ಮಕ್ಕಳಿಗೆ ಹೇಳಬೇಕು. ಅದು ಫ್ರಾನ್ಸಿನ ಒಂದು ಊರಿನ ಹೆಸರು, ದ್ರಾಕ್ಷಿಗೆ ಹೆಸರುವಾಸಿ. ಅಲ್ಲಿ ದಾರಿಹೋಕರು ದ್ರಾಕ್ಷಿ ಕದ್ದು ತಿನ್ನುತ್ತಿದ್ದರು. ಅದಕ್ಕೆ ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಕಲಸಿ ಬಳಿದಿಡುತ್ತಿದ್ದರು. ನೋಡಿದರೆ ವಿಷದ ಹಾಗೆ ಕಾಣಬೇಕು, ಅಷ್ಟೇ ಉದ್ದೇಶ. 1882ರಲ್ಲಿ ಪಿಯರ್ ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿ ಆ ದಾರಿಯಲ್ಲಿ ಹೋಗುವಾಗ ಒಂದು ವಿಚಿತ್ರ ಕಂಡ. ತೋಟದ ಒಳಗಿನ ಬಳ್ಳಿಗಳ ಎಲೆ ರೋಗಕ್ಕೆ ಉದುರಿದ್ದವು. ರಸ್ತೆ ಬದಿಯವು ಹಸಿರಾಗಿದ್ದವು.

ಇದು ವೀಕ್ಷಣೆ. ಕಣ್ಣಿಗೆ ಬಿದ್ದದ್ದನ್ನು 'ಹಾಗೇ ಇರಬಹುದು' ಎಂದು ಬಿಡದೆ ಗಮನಿಸುವುದು. ಅಂಚಿನವು ಮಾತ್ರ ಯಾಕೆ ಉಳಿದವು? ಇದು ಪ್ರಶ್ನೆ. ಬಳಿದ ಮಿಶ್ರಣವೇ ರೋಗ ತಡೆದಿರಬೇಕು. ಇದು ಊಹೆ. ಅಲ್ಲಿಗೆ ನಿಲ್ಲಿಸಿದ್ದರೆ ಅದೊಂದು ಹರಟೆಯಾಗಿ ಉಳಿಯುತ್ತಿತ್ತು. ಅಂಚಿನ ಬಳ್ಳಿಗೆ ಬಿಸಿಲು ಜಾಸ್ತಿ ಸಿಕ್ಕಿರಬಹುದು, ಗಾಳಿ ಚೆನ್ನಾಗಿ ಆಡಿರಬಹುದು ಅಲ್ವಾ? ಮಿಲ್ಲಾರ್ಡೆ ಬೇಕೆಂದೇ ಬಳ್ಳಿಗಳ ಮೇಲೆ ಮಿಶ್ರಣ ಹೊಡೆದು ಪ್ರಯೋಗ ಮಾಡಿದ. 1885ರಲ್ಲಿ ಫಲಿತಾಂಶ ಪ್ರಕಟಿಸಿದ. ನಮ್ಮ ಕಡೆಯ ಕೊಳೆರೋಗಕ್ಕೆ ಅದು ಬಂದದ್ದು 20ನೇ ಶತಮಾನದ ಶುರುವಿನ ದಶಕಗಳಲ್ಲಿ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೃಷಿ ವಿಜ್ಞಾನಿ ಅಡಿಕೆಯ ಈ ರೋಗವನ್ನು ಅಭ್ಯಾಸ ಮಾಡಿದರು. ಅದಕ್ಕೂ ಮೊದಲು ಅಡಿಕೆಯ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟುವುದೇ ಉಪಾಯವಾಗಿತ್ತು.

ದ್ರಾಕ್ಷಿ ಕಳ್ಳರಿಂದ ಶುರುವಾದದ್ದು ಅಡಿಕೆ ತೋಟಕ್ಕೆ ಬಂದು ಮುಟ್ಟಿದ ಕಥೆ. ಏಳನೇ ಕ್ಲಾಸಿನವರಿಗೆ ಕಳ್ಳರ ಭಾಗವೇ ಹೆಚ್ಚು ಇಷ್ಟ ಆಗುತ್ತದೆ. ಆಗಲಿ.

ಎಂಥ ಊಹೆ ನಡೆಯುತ್ತದೆ?

ಪುಸ್ತಕದ ಭಾಷೆಯಲ್ಲಿ ಊಹೆಗೆ 'ಪ್ರಾಕ್ಕಲ್ಪನೆ' ಎಂಬ ಭಾರದ ಹೆಸರಿದೆ. ಹೆಸರು ಮರೆತರೂ ಅಡ್ಡಿಯಿಲ್ಲ. ಆದರೆ ಎಲ್ಲ ಊಹೆಗಳೂ ವಿಜ್ಞಾನಕ್ಕೆ ಒದಗುವುದಿಲ್ಲ. 'ಬಿಸಿಲಿಗೆ ಹಾಕಿದರೆ ಅಡಿಕೆ ಚೆನ್ನಾಗಿ ಒಣಗುತ್ತದೆ' ಎಂದು ಮಗು ಬರೆದರೆ ಅದನ್ನು ಸುಳ್ಳು ಮಾಡುವುದು ಹೇಗೆ? 'ಚೆನ್ನಾಗಿ' ಎಂದರೆ ಎಷ್ಟು? ಯಾವುದಕ್ಕಿಂತ?

ಅದನ್ನೇ ತಿದ್ದಿ ಬರೆಸಿ: 'ಕಪ್ಪು ತಾಡಪಾಲಿನ ಮೇಲೆ ಹರವಿದ ಅಡಿಕೆ, ಬಿಳಿ ಬಟ್ಟೆಯ ಮೇಲೆ ಹರವಿದ ಅಡಿಕೆಗಿಂತ ಮೂರು ದಿನದಲ್ಲಿ ಜಾಸ್ತಿ ತೂಕ ಕಳೆದುಕೊಳ್ಳುತ್ತದೆ.' ಈಗ ತಕ್ಕಡಿ ಹೇಳುತ್ತದೆ, ಹೌದೋ ಅಲ್ಲವೋ ಎಂದು. ತಪ್ಪಾಗುವ ಸಾಧ್ಯತೆ ಇರುವ ಊಹೆಯೇ ಬೇಕು.

ಕರಾವಳಿಯ ಮಕ್ಕಳಿಗೆ ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ ಒಂದಿದೆ. ಕಡಲು ಯಾಕೆ ನೀಲಿ? ಆಕಾಶದ ನೀಲಿ ನೀರಿನಲ್ಲಿ ಕಾಣುತ್ತದೆ, ಅಷ್ಟೇ ಎಂದು ಇಂಗ್ಲೆಂಡಿನ ದೊಡ್ಡ ಭೌತವಿಜ್ಞಾನಿ ಲಾರ್ಡ್ ರೇಲಿ ಹೇಳಿದ್ದ. 1921ರಲ್ಲಿ ಹಡಗಿನಲ್ಲಿ ಊರಿಗೆ ಮರಳುತ್ತಿದ್ದ ಸಿ.ವಿ. ರಾಮನ್ ಅವರಿಗೆ ಮೆಡಿಟರೇನಿಯನ್ ಕಡಲು ನೋಡಿ ಇದು ಒಪ್ಪಿಗೆಯಾಗಲಿಲ್ಲ. ಒಪ್ಪಿಗೆಯಾಗಲಿಲ್ಲ ಎಂದು ಜಗಳಕ್ಕೆ ಹೋಗಲಿಲ್ಲ. ಹೀಗೆ ಯೋಚಿಸಿದರು: ನೀಲಿ ಬರೀ ಪ್ರತಿಬಿಂಬವಾದರೆ, ಪ್ರತಿಬಿಂಬದ ಬೆಳಕನ್ನು ತಡೆದಾಗ ನೀಲಿ ಹೋಗಬೇಕು. ಅಂಥ ಬೆಳಕನ್ನು ತಡೆಯುವ ನಿಕೋಲ್ ಪ್ರಿಸಂ ಎಂಬ ಹರಳು ಅವರ ಹತ್ತಿರ ಇತ್ತು. ಅದನ್ನು ಸರಿಯಾದ ಓರೆಯಲ್ಲಿ ಹಿಡಿದು ನೋಡಿದರು. ನೀಲಿ ಹೋಗಲಿಲ್ಲ. ಅಂದರೆ ನೀರು ತಾನೇ ಬೆಳಕನ್ನು ಚದುರಿಸುತ್ತಿದೆ. ಬೆಳಕು ಚದುರುವ ಬಗೆಯನ್ನು ಹಿಡಿದು ಹೊರಟ ಆ ಕೆಲಸ 1928ರ ಫೆಬ್ರುವರಿ 28ರ ರಾಮನ್ ಪರಿಣಾಮಕ್ಕೆ, 1930ರ ನೊಬೆಲ್ ಬಹುಮಾನಕ್ಕೆ ಹೋಗಿ ಮುಟ್ಟಿತು. ಆ ದಿನವೇ ನಮ್ಮ ರಾಷ್ಟ್ರೀಯ ವಿಜ್ಞಾನ ದಿನ.

ಮಳೆಗಾಲದಲ್ಲಿ ಕಾಳಿ ನದಿಯ ಬಾಯಲ್ಲಿ ನಿಂತು ಇದನ್ನು ಹೇಳಿದರೆ ಮಕ್ಕಳು ನಂಬಲಿಕ್ಕಿಲ್ಲ. ಆಗ ಅಲ್ಲಿ ಕಡಲು ಮಣ್ಣಿನ ಬಣ್ಣ. 'ಅದು ಯಾಕೆ ಹಾಗೆ?' ಎಂದು ಕೇಳಿದರೆ ಮುಂದಿನ ಪ್ರಶ್ನೆ ಸಿಕ್ಕಿತು.

ಒಂದನ್ನು ಬದಲಿಸಿ, ಉಳಿದದ್ದನ್ನು ಮುಟ್ಟಬೇಡಿ

ದೋಸೆ ಹಿಟ್ಟು ಹುಳಿ ಬರಲಿಲ್ಲ ಎಂದಿಟ್ಟುಕೊಳ್ಳಿ. ಮರುದಿನ ಬೇರೆ ಅಕ್ಕಿ ನೆನೆಸಿ, ಮೆಂತ್ಯ ಜಾಸ್ತಿ ಹಾಕಿ, ಪಾತ್ರೆಯನ್ನು ಬಚ್ಚಲೊಲೆಯ ಹತ್ತಿರ ಇಟ್ಟಿರಿ. ಹಿಟ್ಟು ಉಬ್ಬಿತು. ಯಾವುದರಿಂದ ಉಬ್ಬಿತು? ಗೊತ್ತಿಲ್ಲ. ಮೂರನ್ನೂ ಒಟ್ಟಿಗೆ ಬದಲಿಸಿದ್ದರಿಂದ ಉತ್ತರ ಕೈತಪ್ಪಿತು. ದೋಸೆ ಸಿಕ್ಕಿತು, ಅದು ಬೇರೆ ವಿಷಯ.

ಬದಲಾಗಬಹುದಾದ ಒಂದೊಂದು ಸಂಗತಿಗೂ 'ಚರ' ಎನ್ನುತ್ತಾರೆ. ಅಕ್ಕಿ ಒಂದು ಚರ, ಮೆಂತ್ಯ ಒಂದು, ಬಿಸಿ ಒಂದು. ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದೇ ಚರವನ್ನು ಬದಲಿಸಬೇಕು. ಜೊತೆಗೆ ಏನೂ ಬದಲಿಸದ ಒಂದು ಪಾತ್ರೆಯೂ ಇರಬೇಕು, ಹೋಲಿಸಿ ನೋಡಲಿಕ್ಕೆ. ಇದನ್ನು 'ನಿಯಂತ್ರಣ' ಎನ್ನುವುದುಂಟು. ನನಗೆ 'ಹೋಲಿಕೆಯ ಬಟ್ಟಲು' ಎನ್ನುವುದೇ ಸಲೀಸು.

ಈ ಉಪಾಯ ಎಷ್ಟು ಗಟ್ಟಿ ಎಂದು ತೋರಿಸಿದವನು ಇಟಲಿಯ ಫ್ರಾನ್ಸೆಸ್ಕೋ ರೇಡಿ, 1668ರಲ್ಲಿ. ಕೊಳೆತ ಮಾಂಸದಿಂದ ಹುಳ ತಾನಾಗಿಯೇ ಹುಟ್ಟುತ್ತದೆ ಎಂದು ಆಗ ಜನ ನಂಬಿದ್ದರು. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಮಧ್ಯಾಹ್ನದವರೆಗೆ ಉಳಿದ ಬಂಗಡೆ ನೋಡಿದರೆ ಆ ನಂಬಿಕೆ ಪೂರಾ ಹುಚ್ಚಲ್ಲ ಅನಿಸುತ್ತದೆ. ರೇಡಿ ಕೆಲವು ಭರಣಿಗಳಲ್ಲಿ ಮಾಂಸ ಇಟ್ಟು ಬಾಯಿ ತೆರೆದಿಟ್ಟ, ಕೆಲವನ್ನು ಬಿಗಿಯಾಗಿ ಮುಚ್ಚಿದ. ತೆರೆದದ್ದರಲ್ಲಿ ಹುಳ ಬಂತು, ಮುಚ್ಚಿದ್ದರಲ್ಲಿ ಬರಲಿಲ್ಲ. ನೊಣ ಕೂತು ಮೊಟ್ಟೆ ಇಟ್ಟದ್ದೇ ಕಾರಣ ಎಂದು ಅವನ ಊಹೆ. ಆದರೆ ಮುಚ್ಚಿದಾಗ ನೊಣದ ಜೊತೆ ಗಾಳಿಯೂ ನಿಂತಿತಲ್ಲ? ಎರಡು ಚರ ಬದಲಾದವು. ಹಾಗಾಗಿ ಇನ್ನೊಂದು ಸಲ ತೆಳ್ಳನೆಯ ಜಾಳಿಗೆ ಬಟ್ಟೆ ಕಟ್ಟಿ ನೋಡಿದ. ಗಾಳಿ ಹೋಗುತ್ತದೆ, ನೊಣ ಹೋಗುವುದಿಲ್ಲ. ಆಗಲೂ ಮಾಂಸದಲ್ಲಿ ಹುಳ ಬರಲಿಲ್ಲ.

ಒಣಮೀನಿಗೆ ಬಲೆ ಹೊದಿಸುವವರಿಗೆ ಈ ಬಟ್ಟೆಯ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಕಗ್ಗ ಭತ್ತ, ಎಂಟು ಬಟ್ಟಲು

ಈಗ ಒಂದು ಪ್ರಯೋಗವನ್ನು ಪೂರ್ತಿ ಮಾಡಿ ನೋಡೋಣ. ನಮ್ಮ ಪಕ್ಕದ ಮನೆಯ ಹುಡುಗಿ ಮಾಡಿದ್ದು. ಅವಳ ಅಜ್ಜನ ಮನೆ ಕುಮಟಾ ತಾಲೂಕಿನಲ್ಲಿ, ಅಘನಾಶಿನಿಯ ದಂಡೆಯಲ್ಲಿ. ಅಲ್ಲಿಯ ಗಜನಿ ಗದ್ದೆಗಳಿಗೆ ಭರತಿಯ ಉಪ್ಪುನೀರು ಬರುತ್ತದೆ. ಆ ಗದ್ದೆಗಳಲ್ಲಿ ಬೆಳೆಯುವ ಹಳೆಯ ತಳಿ ಕಗ್ಗ. ಉಪ್ಪು ತಡೆದುಕೊಳ್ಳುತ್ತದೆ ಎಂದು ಹೆಸರು.

"ಅಜ್ಜಾ, ಬೇರೆ ಭತ್ತಕ್ಕೆ ಆಗದ್ದು ಕಗ್ಗಕ್ಕೆ ಹೇಗೆ ಆಗ್ತದೆ?" ಎಂದು ಅವಳು ಕೇಳಿದ್ದಳಂತೆ. 'ಹೇಗೆ' ಎನ್ನುವುದು ದೊಡ್ಡ ಪ್ರಶ್ನೆ, ಪ್ರಯೋಗಾಲಯ ಬೇಕು. ಅವಳ ಟೀಚರ್ ಅದನ್ನು ಚಿಕ್ಕದು ಮಾಡಿಸಿದರು: ಉಪ್ಪುನೀರಿನಲ್ಲಿ ಕಗ್ಗ ನಿಜವಾಗಿಯೂ ಜಯಾ ಎಂಬ ಇನ್ನೊಂದು ತಳಿಯ ಭತ್ತಕ್ಕಿಂತ ಜಾಸ್ತಿ ಮೊಳಕೆ ಒಡೆಯುತ್ತದಾ? ಪ್ರಶ್ನೆಯನ್ನು ಕೈಗೆ ಸಿಗುವಷ್ಟು ಚಿಕ್ಕದು ಮಾಡುವುದು ಶಿಕ್ಷಕರ ದೊಡ್ಡ ಕೆಲಸ. ಇದಕ್ಕೆ ಅರ್ಧ ಪೀರಿಯಡ್ ಹೋದರೂ ನಷ್ಟವಿಲ್ಲ.

ಏರ್ಪಾಟು ಹೀಗೆ. ನಾಲ್ಕು ಬಗೆಯ ನೀರು. ಲೀಟರಿಗೆ ಉಪ್ಪೇ ಇಲ್ಲದ್ದು, ಮಟ್ಟ ಮಾಡಿದ 1 ಟೀ ಚಮಚ ಉಪ್ಪಿನದು, 2 ಚಮಚದ್ದು, 4 ಚಮಚದ್ದು. ಒಂದು ಚಮಚ ಎಂದರೆ ಸುಮಾರು 6 ಗ್ರಾಂ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಇರುತ್ತದೆ, ಹಾಗಾಗಿ 4 ಚಮಚದ ನೀರೂ ಕಡಲಿಗಿಂತ ಸಪ್ಪೆಯೇ. ಎರಡು ತಳಿ, ನಾಲ್ಕು ನೀರು, ಒಟ್ಟು ಎಂಟು ಬಟ್ಟಲು. ಒಂದೊಂದರಲ್ಲಿ ಒದ್ದೆ ಬಟ್ಟೆಯ ಮೇಲೆ 25 ಕಾಳು. ಉಪ್ಪಿಲ್ಲದ ಎರಡು ಬಟ್ಟಲುಗಳೇ ಹೋಲಿಕೆಯ ಬಟ್ಟಲುಗಳು.

ಮೂರು ಕಾಳು ಸಾಲದಾ, 25 ಯಾಕೆ? ಒಂದು ರೂಪಾಯಿ ನಾಣ್ಯವನ್ನು ಮೂರು ಸಲ ಚಿಮ್ಮಿಸಿದರೆ ಮೂರೂ ಸಲ ತಲೆ ಬೀಳುವುದು ಆಶ್ಚರ್ಯವಲ್ಲ. 25 ಸಲವೂ ತಲೆಯೇ ಬಿದ್ದರೆ ನಾಣ್ಯದಲ್ಲಿ ಏನೋ ಇದೆ. ಕಾಳಿನಲ್ಲೂ ಜೊಳ್ಳು, ಹುಳ ತಿಂದದ್ದು ಇರುತ್ತದೆ. ಸಂಖ್ಯೆ ಜಾಸ್ತಿ ಇದ್ದಷ್ಟೂ ಅದೃಷ್ಟದ ಆಟ ಕಮ್ಮಿ.

ಇನ್ನು ಎಡವಟ್ಟುಗಳು. ಇವೇ ನಿಜವಾದ ಪಾಠ. ಮೊದಲ ಸಲ ಅವಳು ಕಗ್ಗವನ್ನು ಅಜ್ಜನ ಮನೆಯ ಹೊಸ ಫಸಲಿನಿಂದ ತಂದಳು. ಜಯಾ ಸಿಕ್ಕಿದ್ದು ಕಣಜದ ಮೂಲೆಯ ಹಳೆಯ ಭತ್ತ. ಹಳೆಯ ಬೀಜ ಹೇಗೂ ಕಮ್ಮಿ ಮೊಳೆಯುತ್ತದೆ. ತಳಿಯೂ ಬೇರೆ, ವಯಸ್ಸೂ ಬೇರೆ, ಎರಡು ಚರ. ಗೊತ್ತಾದದ್ದು ಹೋಲಿಕೆಯ ಬಟ್ಟಲಿನಿಂದ. ಉಪ್ಪೇ ಇಲ್ಲದ ನೀರಿನಲ್ಲೂ ಜಯಾ ಅರ್ಧಕ್ಕರ್ಧ ಮೊಳೆಯಲಿಲ್ಲ. ಆ ಬಟ್ಟಲು ಇಲ್ಲದಿದ್ದರೆ ತಪ್ಪನ್ನು ಉಪ್ಪಿನ ತಲೆಗೆ ಕಟ್ಟಿ ಮುಗಿಸುತ್ತಿದ್ದಳು.

ಎರಡನೇ ಸಲ ಬಟ್ಟಲು ಮುಚ್ಚಲಿಲ್ಲ. ನೀರು ಆರುತ್ತಾ ಬಂತು. ನೀರು ಆರಿದರೂ ಉಪ್ಪು ಆರುವುದಿಲ್ಲ ಅಲ್ವಾ? 2 ಚಮಚದ ನೀರು ಮೂರನೇ ದಿನಕ್ಕೆ ಎಷ್ಟು ಚಮಚದ್ದಾಯಿತೋ ದೇವರೇ ಬಲ್ಲ. ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಉಪ್ಪು ಆಗುವುದೂ ಹೀಗೇ ಎಂದು ಅವಳಪ್ಪ ನಕ್ಕರಂತೆ. ಮೂರನೇ ಸಲ ಎಲ್ಲದಕ್ಕೂ ತಟ್ಟೆ ಮುಚ್ಚಿ, ಒಂದೇ ಕಪಾಟಿನಲ್ಲಿ ಇಟ್ಟಳು.

'ಮೊಳಕೆ ಬಂತು' ಎಂದು ಯಾವಾಗ ಹೇಳುವುದು ಎಂಬುದನ್ನೂ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಅವಳು '2 ಮಿಲಿಮೀಟರ್ ಬಿಳಿ ಮೊನೆ ಕಂಡರೆ ಎಣಿಸು' ಎಂದು ಬರೆದುಕೊಂಡಳು. ಇಲ್ಲದಿದ್ದರೆ ಇಷ್ಟದ ಬಟ್ಟಲಿನಲ್ಲಿ ಉಬ್ಬಿದ ಕಾಳೂ ಮೊಳಕೆಯ ಹಾಗೆ ಕಾಣತೊಡಗುತ್ತದೆ. ಅಜ್ಜನ ಮನೆಯ ಭತ್ತ ಗೆಲ್ಲಲಿ ಎಂಬ ಆಸೆ ಅವಳಿಗೆ ಇದ್ದೇ ಇತ್ತು. ಅದಕ್ಕೆ ಟೀಚರ್ ಒಂದು ಉಪಾಯ ಮಾಡಿದರು. ಬಟ್ಟಲುಗಳ ಚೀಟಿ ಕಿತ್ತು ಬರೀ ನಂಬರ್ ಹಾಕಿಸಿ, ಯಾವುದು ಯಾವುದೆಂದು ಗೊತ್ತಿಲ್ಲದ ಅವಳ ತಮ್ಮನ ಕೈಯಲ್ಲಿ ಎಣಿಕೆ ಮಾಡಿಸಿದರು. ಹೊಸ ಔಷಧಿಗಳನ್ನು ಪರೀಕ್ಷಿಸುವಾಗಲೂ ಇದೇ ಉಪಾಯ ಇದೆ. ಯಾರಿಗೆ ಔಷಧಿ, ಯಾರಿಗೆ ಬರೀ ಸಕ್ಕರೆ ಗುಳಿಗೆ ಎಂದು ರೋಗಿಗೂ ನೋಡುವ ವೈದ್ಯರಿಗೂ ಹೇಳುವುದಿಲ್ಲ.

ಫಲಿತಾಂಶ ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ವರ್ಷ ಹತ್ತು ಮಕ್ಕಳು ಅದನ್ನೇ ನಕಲು ಮಾಡುತ್ತಾರೆ.

ತೀರ್ಮಾನ ಎಷ್ಟು ಉದ್ದ ಚಾಚಬಹುದು ಎನ್ನುವುದನ್ನು ಮಾತ್ರ ಹೇಳಬೇಕು. ಬಟ್ಟಲಿನಲ್ಲಿ ಕಗ್ಗ ಚೆನ್ನಾಗಿ ಮೊಳೆತರೆ 'ಕಗ್ಗ ಉಪ್ಪಿನಲ್ಲಿ ಬೆಳೆಯುತ್ತದೆ' ಎಂದು ಬರೆಯುವ ಹಾಗಿಲ್ಲ. ಮೊಳೆಯುವುದು ಒಂದು, ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಂತು ತೆನೆ ಬಿಡುವುದು ಇನ್ನೊಂದು. ಗಜನಿಯಲ್ಲಿ ಮುಂಗಾರು ಮಳೆ ಉಪ್ಪನ್ನು ತೊಳೆದ ಮೇಲೆ ಭತ್ತದ ಕೆಲಸ. ಅಡುಗೆ ಉಪ್ಪಿನ ನೀರೂ ಕಡಲ ನೀರೂ ಒಂದೇ ಅಲ್ಲ. ಪರೀಕ್ಷಿಸಿದ್ದರ ಬಗ್ಗೆ ಮಾತ್ರ ಹೇಳುವುದು, ಹನ್ನೆರಡು ವರ್ಷದವರಿಗೆ ಕಷ್ಟ. ನಲವತ್ತು ದಾಟಿದವರಿಗೆ ಇನ್ನೂ ಕಷ್ಟ.

ಅಳತೆಯ ಮೇಲೂ ಅನುಮಾನ ಇರಲಿ

ನೀರು 100 ಡಿಗ್ರಿಗೆ ಕುದಿಯುತ್ತದೆ ಎಂದು ಪುಸ್ತಕದಲ್ಲಿದೆ. ಕಾರವಾರದಲ್ಲಿ ಅದು ಸರಿ, ಕಡಲ ಮಟ್ಟದ ಊರು. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಘಟ್ಟ ಹತ್ತಿದ ಹಾಗೆ ಗಾಳಿಯ ಒತ್ತಡ ಕಮ್ಮಿ. ನೀರು ಆವಿಯಾಗಿ ಹೊರಡಲು ಅಷ್ಟು ಬಿಸಿ ಬೇಕಾಗುವುದಿಲ್ಲ. ಸುಮಾರು 300 ಮೀಟರಿಗೆ 1 ಡಿಗ್ರಿ ಇಳಿಯುತ್ತದೆ. ಆ ಲೆಕ್ಕಕ್ಕೆ ಶಿರಸಿಯಲ್ಲಿ 98ರ ಹತ್ತಿರ ಕುದಿಯಬೇಕು.

ಕಾರವಾರದ ಶಾಲೆಯೂ ಶಿರಸಿಯ ಶಾಲೆಯೂ ಸೇರಿ ಮಾಡಿದರೆ ಚೆಂದದ ಪ್ರಯೋಗ. ಆದರೆ ಶಾಲೆಯ ಥರ್ಮಾಮೀಟರುಗಳೇ ಒಂದೆರಡು ಡಿಗ್ರಿ ಹೆಚ್ಚುಕಮ್ಮಿ ತೋರಿಸುವುದುಂಟು. ಕಂಡ ವ್ಯತ್ಯಾಸ ಊರಿನದೋ, ಥರ್ಮಾಮೀಟರಿನದೋ? ಒಂದೇ ಥರ್ಮಾಮೀಟರನ್ನು ದೇವಿಮನೆ ಘಟ್ಟ ಹತ್ತಿಸಿ ಎರಡೂ ಕಡೆ ಅಳೆದರೆ ಅನುಮಾನ ತೀರುತ್ತದೆ. ಇದು ದೊಡ್ಡವರ ಎದುರಿಗೇ ನಡೆಯಬೇಕು. ಜ್ವರ ನೋಡುವ ಥರ್ಮಾಮೀಟರನ್ನು ಕುದಿವ ನೀರಿಗೆ ಅದ್ದಬೇಡಿ, ಅದು ಸುಮಾರು 42ಕ್ಕೇ ಮುಗಿಯುತ್ತದೆ, ಒಡೆಯಬಹುದು.

ಚಂದ್ರನನ್ನು ಬದಲಿಸಲು ಆಗುವುದಿಲ್ಲವಲ್ಲ?

ಆಗುವುದಿಲ್ಲ. ಹಾಗಾಗಿಯೇ ವೀಕ್ಷಣೆ, ಊಹೆ, ಪ್ರಯೋಗ, ತೀರ್ಮಾನ ಎಂದು ಗೋಡೆಯ ಚಾರ್ಟಿನಲ್ಲಿ ಮೆಟ್ಟಿಲಿನ ಹಾಗೆ ಬರೆದದ್ದನ್ನು ಪೂರಾ ನಂಬಬಾರದು. ನಕ್ಷತ್ರ, ಭೂಕಂಪ, ಭರತಿ ಇವನ್ನೆಲ್ಲ ಬಟ್ಟಲಿಗೆ ಹಾಕಲು ಬರುವುದಿಲ್ಲ. ಅಲ್ಲಿ ಬೇರೆ ದಾರಿ: ಗಮನಿಸು, ಮುಂದೇನಾಗುತ್ತದೆ ಎಂದು ಮೊದಲೇ ಬರೆದಿಡು, ಆಮೇಲೆ ಹೋಗಿ ನೋಡು.

ದೊಡ್ಡವರ ಜೊತೆ ದೋಣಿ ನಿಲ್ಲುವ ಜೆಟ್ಟಿಗೆ ಹೋಗಿ, ಕಂಬದ ಮೇಲೆ ನೀರು ಏರಿದ ಗುರುತನ್ನೂ ಗಂಟೆಯನ್ನೂ ಮೂರು ದಿನ ಬರೆದುಕೊಂಡರೆ ಸಾಕು. ದಿನವೂ ಭರತಿ ಸುಮಾರು 50 ನಿಮಿಷ ತಡ. ನಾಲ್ಕನೇ ದಿನ ಎಷ್ಟು ಗಂಟೆಗೆ ಎಂದು ಮಗು ಹೇಳಲಿ. ಚಂದ್ರ ಹುಟ್ಟುವುದೂ ದಿನಕ್ಕೆ ಸರಾಸರಿ ಅಷ್ಟೇ ತಡ ಎಂದು ತಾನೇ ಕಂಡುಕೊಂಡರೆ ಇನ್ನೂ ಒಳ್ಳೆಯದು. ದೋಣಿ ಬಿಡುವವರಿಗೆ ಇದೆಲ್ಲ ಬಾಯಿಪಾಠ. ಅವರನ್ನು ಕೇಳಿ ಬರುವುದೂ ಪ್ರಾಜೆಕ್ಟಿನ ಒಂದು ಭಾಗವೇ.

ಊಹೆ ಸುಳ್ಳಾದರೆ ಮಾರ್ಕು ಹೋಗುತ್ತಾ?

ಪಾಲಕರು ಹೆಚ್ಚು ಕೇಳುವ ಪ್ರಶ್ನೆ ಇದು. ಹೋಗಬಾರದು. ಆದರೆ 'ಸರಿಯಾದ ಉತ್ತರ'ಕ್ಕೆ ಮಾತ್ರ ಮಾರ್ಕು ಸಿಗುತ್ತದೆ ಎಂದು ಮಗುವಿಗೆ ಒಮ್ಮೆ ಅನಿಸಿದರೆ, ಅದು ಅಂಕಿ ತಿದ್ದುತ್ತದೆ. 14 ಮೊಳಕೆ ಬಂದದ್ದನ್ನು 19 ಮಾಡುತ್ತದೆ. ಹೀಗಾಗದಿರಲು ಸುಲಭದ ಒಂದು ನಿಯಮ ಇದೆ. ಪ್ರಯೋಗದ ಪಟ್ಟಿಯಲ್ಲಿ ಪೆನ್ಸಿಲ್ಲು, ರಬ್ಬರು ಬೇಡ. ಪೆನ್ನಿನಲ್ಲಿ ಬರೆಯಬೇಕು, ತಪ್ಪಿದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು. ಹಳೆಯದೂ ಕಾಣುತ್ತಿರಬೇಕು. ಊಹೆಯನ್ನು ತಾರೀಕಿನ ಜೊತೆ ಮೊದಲ ಪುಟದಲ್ಲೇ ಬರೆದಿಡಬೇಕು, ಆಮೇಲೆ 'ನಾನು ಅಂದದ್ದೇ ಅದು' ಎನ್ನಲು ಬಾರದ ಹಾಗೆ.

ಇಂಥ ಕೆಲಸಕ್ಕೆ ಶಾಲೆಯ ಆಚೆಗೂ ಜಾಗ ಇದೆ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ನಡೆಯುತ್ತಿದೆ. ಅಲ್ಲಿ ಮಕ್ಕಳು ಸುತ್ತಮುತ್ತಲಿನ ಸಮಸ್ಯೆಯನ್ನೇ ಎತ್ತಿಕೊಂಡು ಅಭ್ಯಾಸ ಮಾಡುತ್ತಾರೆ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಮಗುವಿಗೆ ತನ್ನ ಯೋಚನೆಯನ್ನು ಮಾಡಿ ನೋಡಲು 10,000 ರೂಪಾಯಿ ಸಿಗುತ್ತದೆ. ಇದಕ್ಕೆ ಶಾಲೆಯ ಮೂಲಕವೇ ಹೋಗಬೇಕು.

ಅಜ್ಜಿ ಹೇಳಿದ್ದನ್ನು ಪರೀಕ್ಷಿಸಬಹುದಾ?

ಈ ಹುರುಪಿನಲ್ಲಿ ಮಗು ಮನೆಯಲ್ಲಿ ಎಲ್ಲದಕ್ಕೂ "ಸಾಕ್ಷಿ ಎಂತ?" ಎಂದು ಕೇಳತೊಡಗುತ್ತದೆ. ಕೆಲವರಿಗೆ ಇದು ಉದ್ಧಟತನದ ಹಾಗೆ ಕಾಣುತ್ತದೆ. ಪ್ರಶ್ನಿಸಿ ತಿಳಿಯುವ ಗುಣ ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯ ಎಂದು ಸಂವಿಧಾನದ 51ಎ ವಿಧಿಯಲ್ಲೇ ಇದೆ, 1976ರಲ್ಲಿ ಸೇರಿದ್ದು. ಆದರೆ ಅಜ್ಜಿಯ ಎದುರು ಸಂವಿಧಾನ ಓದುವ ಅಗತ್ಯವಿಲ್ಲ. ಅಮಾವಾಸ್ಯೆಗೆ ಕಡಿದ ಬಿದಿರಿಗೆ ಹುಳ ಹಿಡಿಯುವುದಿಲ್ಲ ಎನ್ನುವ ಮಾತನ್ನೇ ತೆಗೆದುಕೊಳ್ಳಿ. ಅದನ್ನು ಗೇಲಿ ಮಾಡುವುದೂ ವಿಜ್ಞಾನ ಅಲ್ಲ, ಕಣ್ಣು ಮುಚ್ಚಿ ಒಪ್ಪುವುದೂ ಅಲ್ಲ. ಒಂದೇ ಮೆಳೆಯ, ಒಂದೇ ಪ್ರಾಯದ ಬಿದಿರನ್ನು ಅಮಾವಾಸ್ಯೆಗೆ ಐದು, ಹುಣ್ಣಿಮೆಗೆ ಐದು ಕಡಿದು, ಒಂದೇ ಅಟ್ಟದಲ್ಲಿ ಗುರುತು ಹಾಕಿ ಇಡಬಹುದು. ವರ್ಷ ಕಾಯಬೇಕು, ಅಷ್ಟೇ. ಅಜ್ಜಿಯನ್ನೇ ಪ್ರಯೋಗದ ಪಾಲುದಾರಳಾಗಿ ಮಾಡಿಕೊಂಡರೆ ಜಗಳವೂ ಇಲ್ಲ.

ಮನೆಯವರು ಮಾಡಬೇಕಾದ್ದು ಇಷ್ಟೇ. ಉತ್ತರ ಗೊತ್ತಿದ್ದರೂ ಬಾಯಿ ಬಿಗಿ ಹಿಡಿಯಿರಿ. "ನಿನಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿ. ಚಾರ್ಟಿನ ಅಕ್ಷರ ನೀವು ಬರೆದುಕೊಡಬೇಡಿ. ಸೊಟ್ಟಗಿರಲಿ.

ವಸ್ತುಪ್ರದರ್ಶನದ ದಿನ ನಾನೂ ನೋಡಲು ಹೋಗಿದ್ದೆ. ಕಗ್ಗದ ಹುಡುಗಿಯ ಪಟ್ಟಿಯಲ್ಲಿ ಎಂಟರ ಬದಲು ಏಳೇ ಬಟ್ಟಲುಗಳ ಲೆಕ್ಕ ಇತ್ತು. ಎಂಟನೆಯದರ ಎದುರು ನೀಲಿ ಪೆನ್ನಿನಲ್ಲಿ ಬರೆದಿದ್ದಳು: 'ಬೆಕ್ಕು ಬೀಳಿಸಿತು. ಎಣಿಸಲು ಆಗಲಿಲ್ಲ. ರಜೆಯಲ್ಲಿ ಮತ್ತೆ ಮಾಡುತ್ತೇನೆ.'